ಡಬ್ಬಿಯ ಮೇಲಿನ ಗಿಳಿ

ಟಿಳಕವಾಡಿಯ ನಮ್ಮ ಓಣಿಯೆಲ್ಲ ಅವರನ್ನು ಮಂಡಿಗೆ ಅಕ್ಕ ಎನ್ನುತ್ತಿತ್ತು. ಕವುಚಿದ ಗಡಿಗೆಯ ಮೇಲೆ ಹಾಳೆಯಷ್ಟು ತೆಳುವಾಗಿ ಗರಿಗರಿ ಸಿಹಿ ಮಂಡಿಗೆ ಬೇಯಿಸಿ, ಮೊದಲ ತುಂಡನ್ನು ಕಾಂಪೌಂಡಿನಾಚೆಯಿಂದ ನನಗೆ ಚಾಚಿ, "ಖರೇ ಹೇಳ್ರಿ, ಟೀಚರ್" ಎನ್ನುವರು. "ವಂಡರ್‌ಫುಲ್" ಅಂದರೆ ಸಾಲದು. ಎಲ್ಲಿ ದಪ್ಪವಾಗಿದೆ ಹೇಳಬೇಕು.

ಒಮ್ಮೆ ಗಿರಾಕಿಯೊಬ್ಬರು ಮೆತ್ತಗಾದ ಮಂಡಿಗೆ ತಂದು ಅಕ್ಕನಿಗೆ ಬೈದರು. ಡಬ್ಬಿಯ ಮೇಲೆ ಅಕ್ಕನ ರಿಜಿಸ್ಟರ್ಡ್ ಟ್ರೇಡ್‌ಮಾರ್ಕ್, ಅದೇ ಹಸಿರು ಗಿಳಿ. ಆದರೆ ಕೊಂಡದ್ದು ಅಕ್ಕ ಒಂದು ಡಬ್ಬಿಯನ್ನೂ ಕಳಿಸದ ಖಾನಾಪುರದ ಅಂಗಡಿಯಲ್ಲಿ! ಇಷ್ಟು ವರ್ಷದ ಹೆಸರು ಹೋಯಿತೆಂದು ಅಕ್ಕನ ಕಣ್ಣು ತುಂಬಿತು. ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಒಂದು ಸ್ಟ್ರಾಂಗ್ ನೋಟಿಸು ಬರೆದೆ. ಇಬ್ಬರೂ ಬಸ್ಸು ಹತ್ತಿದೆವು.

ಅಂಗಡಿಯವನು ನೋಟಿಸು ನೋಡಿಯೇ ಬೆವತ. "ತಪ್ಪಾತ್ರೀ ಅಕ್ಕಾರ. ಇನ್ನ ಮಂಡಿಗೀನ ಮಾಡೂದಿಲ್ಲ."

"ಮಂಡಿಗಿ ಯಾಕ ಬಿಡ್ತಿ? ಅದೇನು ನಮ್ಮಪ್ಪನ ಆಸ್ತಿ ಏನು? ಗಿಳಿ ನಂದು, ಅದನ್ನಷ್ಟ ತಗಿ." ಆಮೇಲೆ ಅವನ ಡಬ್ಬಿಗಳನ್ನು ಮುಟ್ಟಿ ನೋಡಿದರು. "ಬಿಸಿ ಇದ್ದಾಗನ ತುಂಬಿದ್ರ ಮೆತ್ತಗಾಗದ ಏನಾಗ್ತದೋ? ಮೊದಲ ಆರಾಕ ಬಿಡು."

ಬರುವಾಗ ಬಸ್ಸಿನಲ್ಲಿ, "ಕಾಂಪಿಟಿಟರ್‌ಗೆ ಫ್ರೀ ಟ್ಯೂಷನ್ನಾ?" ಎಂದು ರೇಗಿಸಿದೆ.

"ಕಲೀಲಿ ಬಿಡ್ರಿ. ಮಂದಿ ಎರಡೂ ತಿಂದು ನಂದನ್ನ ಕೇಳಬೇಕು."

ಮುಂದಿನ ತಿಂಗಳು ಅವನ ಹೊಸ ಡಬ್ಬಿ ಬಂತು, ಮೇಲೆ ನವಿಲು. ಅಕ್ಕ ತುಂಡು ಮುರಿದು ತಾವೂ ತಿಂದು ನನಗೂ ಕೊಟ್ಟರು. "ಖರೇ ಹೇಳ್ರಿ, ಟೀಚರ್."

ಖರೇನೇ ಹೇಳಿದೆ: "ಚಲೋ ಅದ."

ಅಕ್ಕ ಒಳಗೆ ಹೋಗಿ ಮತ್ತೆ ಗಡಿಗೆ ಕವುಚಿದರು. ಮರುದಿನ ಕಾಂಪೌಂಡಿನಾಚೆಯಿಂದ ಬಂದ ತುಂಡನ್ನು ಬಿಸಿಲಿಗೆ ಹಿಡಿದರೆ, ಅದರ ಹಿಂದಿನ ನನ್ನ ಬೆರಳು ಕಾಣುತ್ತಿತ್ತು.