ಬೇಳೆಗೆ ಉಡಿಸಿದ ಪಂಚೆ

ಹುಲ್ಲಿಗೆ ಬೆಂಕಿ ಹತ್ತಬಹುದಿತ್ತು. ಇಲಿ ನುಗ್ಗಬಹುದಿತ್ತು. ಪಾತ್ರೆ ವಾಲಿ ಬೇಳೆಯೆಲ್ಲ ನೆಲದ ಪಾಲಾಗಬಹುದಿತ್ತು. ಕಂಪ್ಲಿಯ ಅತ್ತೆ ಬೇಯದ ಬೇಳೆ ಕಡಿದು ಹಲ್ಲು ಮುರಿದುಕೊಳ್ಳಬಹುದಿತ್ತು. ಹತ್ತನೆಯ ವಯಸ್ಸಿಗೇ ನಾನು ಇಷ್ಟೆಲ್ಲ ಚಿಂತಿಸಬಲ್ಲವನಾಗಿದ್ದೆ. ಐವತ್ತಕ್ಕೆ ವಿಶೇಷ ಸುಧಾರಣೆಯೇನೂ ಆಗಿಲ್ಲ.

ಆಗೆಲ್ಲ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಸಿಲಿಂಡರ್. ಮುಗಿದರೆ ಇನ್ನೊಂದು ಬರುವವರೆಗೆ ಹೊಗೆಯ ಒಲೆಯೇ ಗತಿ. ಆ ಬೇಸಿಗೆ ಅವ್ವ ಸಂಡೂರಿನ ಗೆಳತಿಯಿಂದ ಒಂದು ಉಪಾಯ ಕಲಿತು ಬಂದಳು: ಬೇಳೆ ಚೆನ್ನಾಗಿ ಕುದಿದ ಮೇಲೆ ಗ್ಯಾಸ್ ಆರಿಸಿ, ಪಾತ್ರೆಯನ್ನು ಭತ್ತದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಬಟ್ಟೆ ಸುತ್ತುವುದು. ಉಳಿದದ್ದು ಒಳಗಿನ ಶಾಖದಲ್ಲೇ ಬೇಯಬೇಕು. ಅಪ್ಪನಿಗೆ ನಂಬಿಕೆಯಿರಲಿಲ್ಲ. ಅವನ ಅಕ್ಕ, ಅದೇ ಕಂಪ್ಲಿಯ ಅತ್ತೆ, ಊಟಕ್ಕೆ ಬರುವ ದಿನವೇ ಅವ್ವ ಪಾತ್ರೆಯನ್ನು ಪೆಟ್ಟಿಗೆಯಲ್ಲಿಟ್ಟಳು.

"ಇವತ್ತು ಅಕ್ಕನ ಮುಂದ ಬೇಳಿ ಬೇಯಲಿಲ್ಲಂದ್ರ, ಆ ಹುಲ್ಲು ಮಗ್ಗಲ ಮನಿ ಎಮ್ಮಿಗೆ," ಎಂದು ಸ್ನಾನಕ್ಕೆ ಹೋದ.

ಬಿಸಿಯಾದ ಹುಲ್ಲು ಕೊಯ್ದ ಗದ್ದೆಯ ವಾಸನೆ ಬಿಡುತ್ತಿತ್ತು. ನಾನು ಪೆಟ್ಟಿಗೆಯ ಪಕ್ಕ ಕಾವಲು ಕೂತೆ.

"ಒಂದ್ಸಲ ತೆಗದು ನೋಡ್ಲೇನವ್ವಾ?"

"ಮುಟ್ಟಬ್ಯಾಡಲೇ! ಮುಚ್ಚಳ ತೆಗದ್ರ ಶಾಖ ಹೋತು, ನನ್ನ ಮರ್ಯಾದೀನೂ ಹೋತು."

ಅಪ್ಪ ಟವೆಲ್ ಸುತ್ತಿಕೊಂಡು ಬಚ್ಚಲಿಂದ ಬಂದ. "ನನ್ನ ಜರಿ ಪಂಚಿ ಎಲ್ಲೈತಿ?"

"ಬೇಳಿಗೆ ಉಡಿಸೀನ್ರಿ. ಹಬಿ ಸೋರಾಕತ್ತಿತ್ತು, ಕೈಗೆ ಅದ ಸಿಕ್ತು."

"ಬಿಚ್ಚು!"

"ಇನ್ನೊಂದು ತಾಸು ತಡೀರಿ."

ಉಳಿದ ಪಂಚೆಗಳು ಸೋಪಿನ ನೀರಿನಲ್ಲಿ ನೆನೆಯುತ್ತಿದ್ದವು. ಅಷ್ಟರಲ್ಲಿ ಅತ್ತೆ ಬಂದೇಬಿಟ್ಟಳು.

"ಏನೋ ತಮ್ಮಾ, ಅಕ್ಕ ಬರ್ತಾಳಂದ್ರ ಟವೆಲ್ ಮ್ಯಾಲೆ ಕುಂತೀಯಲ್ಲೋ!" ಆಮೇಲೆ ಅಡುಗೆಮನೆಗೆ ಇಣುಕಿ, "ಒಲಿ ತಣ್ಣಗೈತಿ. ಕರದು ಉಪವಾಸ ಕಳಸ್ತೀರೇನು?"

ತಾಸು ಮುಗಿದಾಗ ಅವ್ವ ಹುಲ್ಲು ಸರಿಸಿ, ಪಂಚೆ ಬಿಚ್ಚಿ, ಮುಚ್ಚಳ ತೆಗೆದಳು. ಹಬೆ ಎದ್ದಿತು. ಒಂದು ಬೇಳೆ ತೆಗೆದು ಅತ್ತೆಯ ಕೈಗೇ ಕೊಟ್ಟಳು. ಅತ್ತೆ ಹಿಸುಕಿದಳು, ಬೆಣ್ಣೆಯಂತೆ ಕರಗಿತು.

"ಭಾಳ ಮಸ್ತ್ ಐತಲ್ಲೇ! ಕಂಪ್ಲಿಯಾಗ ಹುಲ್ಲಿಗೇನು ಬರ? ನಾನೂ ಒಂದು ಪೆಟ್ಟಿಗಿ ಮಾಡಿಸ್ತೀನಿ."

ಎಮ್ಮೆಗೆ ಹುಲ್ಲು ಸಿಗಲಿಲ್ಲ.

ಈಗ ನಮ್ಮಲ್ಲಿ ಎರಡು ಸಿಲಿಂಡರ್. ಆದರೂ ಕುದಿದ ಬೇಳೆಗೆ ನಾನು ಹಳೆಯ ಕಂಬಳಿ ಹೊದಿಸುತ್ತೇನೆ, ಚೆನ್ನಾಗಿಯೇ ಬೇಯುತ್ತದೆ. ಅದರ ಸುತ್ತ ಕೂತು ಜಗಳವಾಡುತ್ತ ಕಾಯುವವರು ಮಾತ್ರ ಇಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ಬಡಿಸಿಕೊಂಡು, ಮೊಬೈಲ್ ನೋಡುತ್ತ ಉಣ್ಣುತ್ತಾರೆ.

ಆ ದಿನ ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಇಷ್ಟೇ: ಸಂಜೆ ಅಪ್ಪ ಅದೇ ಪಂಚೆ ಉಟ್ಟು ಅಕ್ಕನನ್ನು ಬಸ್ಸಿಗೆ ಬಿಡಲು ಹೊರಟಾಗ, ಹಿಂದುಗಡೆ, ಸರಿಯಾಗಿ ಕೂರುವ ಜಾಗದಲ್ಲಿ, ಅಂಗೈಯಗಲದ ಹಳದಿ ಕಲೆಯಿತ್ತು. ನಾವು ಯಾರೂ ಹೇಳಲಿಲ್ಲ.