ಎತ್ತಿ ಕುಡಿಯದ ನೀರು

ಶಿರಸಿಯ ಆ ಡಾಕ್ಟರಮ್ಮನ ಬಳಿ ಹೋದವರಿಗೆ ಮೊದಲು ಸಿಗುತ್ತಿದ್ದುದು ಒಂದು ಲೋಟ ನೀರು. ಬಂದವರಿಗೆ ಮಾಡುವ ಉಪಚಾರವೆಂದುಕೊಂಡು ನಾವೆಲ್ಲ ಮನೆಯ ರೂಢಿಯಂತೆ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದೆವು. ಬೆನ್ನ ಹಿಂದೆ ನಿಂತು, ಗಂಟಲ ಮೇಲೆ ತಣ್ಣನೆಯ ಬೆರಳಿಟ್ಟು ಅವರು ಹೇಳುತ್ತಿದ್ದರು: "ಕಚ್ಚೇ ಕುಡಿ ತಂಗಿ, ಲೋಟ ಆನು ತೊಳಿತೆ." ಕತ್ತು ಮೇಲೆತ್ತಿದರೆ, ನುಂಗುವಾಗ ಆಗುವ ಥೈರಾಯ್ಡ್ ಗ್ರಂಥಿಯ ಏರಿಳಿತ ಬೆರಳಿಗೆ ಸಿಗುವುದಿಲ್ಲವಂತೆ.

ನನ್ನ ರಿಪೋರ್ಟಿನಲ್ಲಿ ಹಾರ್ಮೋನೆಲ್ಲ ಸರಿಯಿತ್ತು, ಆ್ಯಂಟಿಬಾಡಿ ಮಾತ್ರ ಏರಿತ್ತು. "ಮಾತ್ರೆ ಬ್ಯಾಡ್ದಾ?" ಎಂದೆ.

"ಈಗ ಬ್ಯಾಡ. ನಿನ್ನ ಮೈಯೇ ಗ್ರಂಥಿ ಮೇಲೆ ಮುನಿಸ್ಕಂಡಿದ್ದು. ಆದ್ರೂ ಅದು ತನ್ನ ಕೆಲಸ ಮಾಡ್ತಾ ಇದ್ದು. ಕೆಲವರಿಗೆ ಮುಂದೆ ಮಾತ್ರೆ ಬೇಕಾಗ್ತು, ಕೆಲವರಿಗೆ ಎಂತದೂ ಆಗ್ತಿಲ್ಲೆ. ವರ್ಷಕ್ಕೊಂದ್ಸಲ ರಕ್ತ ನೋಡನ."

ನನ್ನ ಹೆದರಿಕೆ ಇಳಿಯಲಿಲ್ಲ. ಅವರು ಎದುರಿಗೆ ಕುಳಿತು ನನ್ನ ಬೆರಳುಗಳನ್ನು ತಮ್ಮ ಕೊರಳಿಗೆ ಒತ್ತಿಕೊಂಡರು. "ಎಂಗೂ ನಿನ್ನ ಪ್ರಾಯದಿಂದ ಹಿಂಗೇ ಇದ್ದು" ಎಂದು ತಮ್ಮದನ್ನೂ ಹೇಳಿ ಒಂದು ಗುಟುಕು ನೀರು ಕುಡಿದರು. ನಿದ್ದೆಯಲ್ಲಿದ್ದ ಹಕ್ಕಿ ಮಗ್ಗುಲಾದ ಹಾಗೆ ಏನೋ ಮೆಲ್ಲಗೆ ಮೇಲೆದ್ದು, ಮತ್ತೆ ಇಳಿಯಿತು. ಕಣ್ಣು ಮುಚ್ಚಿದರೆ ಇವತ್ತಿಗೂ ಅದು ಬೆರಳ ತುದಿಗೆ ಸಿಗುತ್ತದೆ.

ಅವರು ಕುಡಿದದ್ದು ನಾನು ಕಚ್ಚಿ ಕುಡಿದ ಲೋಟದಲ್ಲೇ. ತೊಳೆದಿರಲಿಲ್ಲ.