ನೆತ್ತಿಯೊಳಗಿನ ಸದ್ದು

ಧಾರವಾಡದಿಂದ ಹೋಗಿ ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ ಕಲಿಯಲು ಸೇರಿದ ಹೊಸತು. ವಸ್ತ್ರಾಪುರದಲ್ಲಿ ಬಾಡಿಗೆ ಮನೆ. ಹೃದಯದ ತೊಂದರೆಯಿರುವ ನವಜಾತ ಶಿಶುಗಳ ನೆತ್ತಿಯ ಮೇಲೆ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಉಪಕರಣ ಇಟ್ಟು, ಮೆದುಳಿಗೆ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವುದು ನನ್ನ ಕೆಲಸ. ಸೂಜಿಯಿಲ್ಲ, ಗಾಯವಿಲ್ಲ. ಎಳೆಗೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲವಲ್ಲ, ಅಲ್ಲಿಂದಲೇ ಒಳಗಿನದು ಕಾಣುತ್ತದೆ.

ಒಂದು ಬೆಳಿಗ್ಗೆ ಐದು ದಿನದ ಗಂಡುಕೂಸು ಬಂತು. ಅದೇ ಊರಿನ ಬೋಡಕ್‌ದೇವ್‌ನಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗು. ತಾಯಿ ಇನ್ನೂ ಹೆರಿಗೆ ಆಸ್ಪತ್ರೆಯಲ್ಲಿದ್ದರು. ಜೊತೆಗೆ ಬಂದವರು ಅಜ್ಜಿ. ನಾನು ಮಗುವಿನ ತಲೆಯತ್ತ ಕೈ ಚಾಚಿದ್ದೇ ತಡ, ಅಡ್ಡ ಬಂದರು.

"ಅಯ್ಯೋ, ನೆತ್ತಿ ಮುಟ್ಟಬೇಡಿ ಮಾರಾಯ್ರೇ!"

"ಒತ್ತೂದಿಲ್ರಿ ಅಮ್ಮಾ, ಸುಮ್ನ ಇಡತೇನಿ ಅಷ್ಟ," ಎಂದೆ.

ಅಜ್ಜಿ ಕಣ್ಣರಳಿಸಿದರು. "ನೀವು ಕನ್ನಡವಾ? ಅದೆಂತ ಕನ್ನಡ ಹಾಗೆ?"

ಇಬ್ಬರೂ ನಕ್ಕೆವು. ಉಪಕರಣವನ್ನು ಮೊದಲು ನನ್ನ ಕುತ್ತಿಗೆಗೆ, ಆಮೇಲೆ ಅವರ ಕುತ್ತಿಗೆಗೆ ಇಟ್ಟು ರಕ್ತದ ಸದ್ದು ಕೇಳಿಸಿದೆ. ಅಜ್ಜಿ ಒಪ್ಪಿದರು. ಮಗು ಒಪ್ಪಲಿಲ್ಲ. ಹಚ್ಚಿದ ಜೆಲ್ ತಣ್ಣಗೆ ತಾಗಿದೊಡನೆ ಕಿರುಚಿ ಒದ್ದಾಡಿತು. ಮೂರು ಸಲ ಸೋತೆ.

"ಇಲ್ಲಿ ಕೊಡಿ," ಎಂದು ಅಜ್ಜಿ ಜೆಲ್ಲಿನ ಟ್ಯೂಬ್ ಕಸಿದುಕೊಂಡು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿದರು. ಮಗುವಿನ ಮುಷ್ಟಿಗೆ ತಮ್ಮ ಬೆರಳು ಕೊಟ್ಟರು. ಅದು ಹಾಗೇ ನಿದ್ದೆಹೋಯಿತು.

ಆಗ ಕೇಳಿಸಿತು. ಬಡಿತಕ್ಕೊಂದು ಸದ್ದು, ನಡುವೆ ಪೂರ್ತಿ ಮೌನ. ಎಲ್ಲ ಸರಿಯಿದ್ದರೆ ನಡುವೆಯೂ ಸದ್ದು ನಿಲ್ಲಬಾರದು. ಮೆದುಳಿಗೆ ಹೋಗಬೇಕಾದ ರಕ್ತ ದಾರಿತಪ್ಪಿ ಶ್ವಾಸಕೋಶದ ಕಡೆ ಹರಿಯುತ್ತಿತ್ತು. ನಮ್ಮ ಗುಜರಾತಿ ಹಿರಿಯ ವೈದ್ಯರು ಬಂದು ನೋಡಿ, ಕಾಯುವುದು ಬೇಡ, ಮರುದಿನವೇ ಆಪರೇಷನ್ ಎಂದರು. ಜೆಲ್ಲಿನ ಕಥೆ ಕೇಳಿ ಅಜ್ಜಿಗೆ ಕೈಮುಗಿದರು. "ಬಾ, ಬಹು ಸರಸ್!"

"ಎಲ್ಲಿಗೆ ಬರ್ಲಿಕ್ಕೆ ಹೇಳ್ತಾರೆ ಇವರು?" ಎಂದು ಅಜ್ಜಿ ಎದ್ದೇಬಿಟ್ಟರು. ಗುಜರಾತಿಯಲ್ಲಿ 'ಬಾ' ಅಂದರೆ ಹಿರಿಯ ತಾಯಿ, ನಿಮ್ಮನ್ನು ಹೊಗಳಿದರು ಎಂದು ನಗು ತಡೆದು ವಿವರಿಸಿದೆ.

ಆಪರೇಷನ್ ಆಗಿ ಎರಡು ದಿನಕ್ಕೆ ಮತ್ತೆ ಉಪಕರಣ ಇಟ್ಟೆ. ನಾನು ಪರದೆ ನೋಡುತ್ತಿದ್ದೆ, ಅಜ್ಜಿ ಕಿವಿಗೊಟ್ಟಿದ್ದರು.

"ಈಗ ನಡುವೆ ನಿಲ್ಲುವುದಿಲ್ಲ, ಅಲ್ವಾ?"

ಹೌದು, ಸದ್ದು ಎಲ್ಲೂ ಕಡಿಯದೆ ಹರಿಯುತ್ತಿತ್ತು. ಕಣ್ಣು ತುಂಬಿ ನನಗೆ ಪರದೆ ಮಸುಕಾಯಿತು.

ಮೂರು ತಿಂಗಳ ಬಳಿಕ ಒಂದು ಭಾನುವಾರ ಅವರ ಹೋಟೆಲಿಗೆ ಹೋದೆ. ಮಗುವಿನ ತಾಯಿ ಅವನನ್ನು ನನ್ನ ಮಡಿಲಲ್ಲಿ ಹಾಕಿ, ಎದುರಿಗೆ ದೋಸೆ ಇಟ್ಟರು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ದೋಸೆ. ಅವನು ನನ್ನ ಕನ್ನಡಕ ಹಿಡಿದೆಳೆದು ಬೊಚ್ಚುಬಾಯಿ ಬಿಟ್ಟು ನಕ್ಕ.